ಆರ್ಡ್‌ನಾಹೋ: ಕಡಲಿಗೆ ಮುಖ ಮಾಡಿದ ಭಟ್ಟಿಮನೆ

ಇಪ್ಪತ್ತೆಂಟು ವರ್ಷ ನಾನು ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ದುಡಿದವನು. ಕಾಕಂಬಿ ಹುದುಗಿಸಿ ಸ್ಪಿರಿಟ್ ಇಳಿಸುವುದೇ ನಮ್ಮ ಕೆಲಸ. ಗ್ಲಾಸ್ಗೊದಲ್ಲಿರುವ ಮಗಳು ವಿಸ್ಕಿಗೆ ಹೆಸರಾದ ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೆ ಕರೆದೊಯ್ಯುತ್ತೇನೆ ಎಂದಾಗ, ಹೆಸರಾಂತ ಹಳೆಯ ಡಿಸ್ಟಿಲರಿ ಬೇಡ, ಹೊಸದಾಗಿ ಕಟ್ಟಿದ್ದನ್ನು ತೋರಿಸು ಎಂದು ಕೇಳಿದೆ. ಹಳೆಯದರಲ್ಲಿ ಹಿಂದಿನವರು ಇಟ್ಟ ಜಾಗಕ್ಕೆ ಈಗಿನವರು ಹೊಂದಿಕೊಂಡಿರುತ್ತಾರೆ. ಹೊಸದರಲ್ಲಿ ಒಂದೊಂದು ಕೊಳವೆಯನ್ನೂ ಏಕೆ ಅಲ್ಲಿಟ್ಟರು ಎಂದು ಕೇಳಬಹುದು.

ಹಾಗೆ ನೋಡಿದ್ದು ಆರ್ಡ್‌ನಾಹೋ. ಹಂಟರ್ ಲೈಂಗ್ ಎಂಬ ಕುಟುಂಬದ ಕಂಪನಿ ಕಟ್ಟಿಸಿದ ಇದು 2019ರಲ್ಲಿ ಬಾಗಿಲು ತೆರೆಯಿತು. ಸ್ಕಾಟ್ಲೆಂಡಿನ ದಡದ ಕೆನಕ್ರೇಗ್‌ನಲ್ಲಿ ಹಡಗು ಹತ್ತಿ ಎರಡು ಗಂಟೆಯಲ್ಲಿ ಐಲಾದ ಪೋರ್ಟ್ ಆಸ್ಕೇಗ್ ಬಂದರು ತಲುಪಿ, ಅಲ್ಲಿಂದ ಒಂದೇ ವಾಹನ ಹಿಡಿಸುವ ರಸ್ತೆಯಲ್ಲಿ ಉತ್ತರಕ್ಕೆ ಸ್ವಲ್ಪ ದೂರ ಹೋದೆವು.

ಅರೆಯುವ ಗಿರಣಿ, ಮೊಳಕೆ ಬಾರ್ಲಿಯನ್ನು ಬಿಸಿನೀರಿನಲ್ಲಿ ಕಲಸುವ ತೊಟ್ಟಿ, ಹುದುಗಿಸಲು ಆರೆಗಾನ್ ಪೈನ್ ಮರದ ದೊಡ್ಡ ಬಾನಿಗಳು, ಎಲ್ಲವೂ ಅಚ್ಚುಕಟ್ಟು. ಆದರೆ ನಾನು ಹೇಳಬೇಕಾದದ್ದು ಭಟ್ಟಿಯ ಕೋಣೆಯ ಬಗ್ಗೆ. ಒಳಗೆ ಕಾಲಿಟ್ಟರೆ ಎದುರಿಗೆ ಎರಡು ತಾಮ್ರದ ಭಟ್ಟಿಗಳು. ಅವುಗಳ ಆಚೆ ಗಾಜು, ಗಾಜಿನ ಆಚೆ ರಭಸದಿಂದ ಹರಿಯುವ ಜಲಸಂಧಿ, ಅದರಾಚೆ ಜೂರಾ ದ್ವೀಪದ ಬೆಟ್ಟಗಳು. ಅಂಥ ನೋಟವನ್ನು ಪ್ರವಾಸಿಗರ ಕೆಫೆಗೆ ಮಾತ್ರ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಇಲ್ಲಿ ಭಟ್ಟಿ ಕಾಯುವವನಿಗೂ ಕೊಟ್ಟಿದ್ದಾರೆ. ನಮ್ಮಲ್ಲಿ ರಾತ್ರಿ ಪಾಳಿಯವನಿಗೆ ಕಾಣುತ್ತಿದ್ದದ್ದು ಮಸಿ ಹಿಡಿದ ಗೋಡೆ ಮತ್ತು ಒತ್ತಡ ತೋರಿಸುವ ಮುಳ್ಳು. ಯಂತ್ರಕ್ಕೆ ಎಷ್ಟು ಅಡಿ ಜಾಗ ಬೇಕು ಎಂದು ಲೆಕ್ಕ ಹಾಕಿದವರು, ಅದರ ಮುಂದೆ ಎಂಟು ಗಂಟೆ ನಿಲ್ಲುವವನನ್ನು ನಕ್ಷೆಯಲ್ಲಿ ಬರೆದೇ ಇರಲಿಲ್ಲ. ನನಗೆ ಅಲ್ಲಿ ನಿಂತಾಗ ಗಂಟಲು ಕಟ್ಟಿತು.

ಇನ್ನು ವಿನ್ಯಾಸದ ಜಾಣ್ಮೆ. ಭಟ್ಟಿಯ ತಲೆಯಿಂದ ಆವಿಯನ್ನು ಒಯ್ಯುವ ತೋಳು ಏಳೂವರೆ ಮೀಟರ್ ಉದ್ದ. ಸ್ಕಾಟ್ಲೆಂಡಿನಲ್ಲೇ ಅತಿ ಉದ್ದದ್ದು. ಹೊರಗೆ ಮರದ ದೊಡ್ಡ ತೊಟ್ಟಿಗಳ ತಣ್ಣೀರಿನಲ್ಲಿ ಸುರುಳಿ ಸುತ್ತಿದ ತಾಮ್ರದ ಕೊಳವೆ; ಅದರೊಳಗೆ ಆವಿ ತಣಿದು ಮದ್ಯವಾಗುತ್ತದೆ. ಈ ಹಳೆಯ ಪದ್ಧತಿ ಐಲಾದಲ್ಲಿ ಇಲ್ಲಿ ಮಾತ್ರ ಉಳಿದಿದೆ. ಈಗ ಹೆಚ್ಚಿನವರು ಬಳಸುವುದು ಒಳಗೆ ಅನೇಕ ಸಣ್ಣ ಕೊಳವೆಗಳಿರುವ ಕಂಡೆನ್ಸರ್. ಅದರಲ್ಲಿ ಆವಿಗೆ ತಾಮ್ರ ಹೆಚ್ಚು ತಗಲುತ್ತದೆ, ಗಂಧಕದ ವಾಸನೆ ಕಳೆಯುತ್ತದೆ, ಮದ್ಯ ಹಗುರವಾಗುತ್ತದೆ. ಸುರುಳಿಯಲ್ಲಿ ತಾಮ್ರದ ಸಂಪರ್ಕ ಕಡಿಮೆ, ಹಾಗಾಗಿ ಮದ್ಯ ದಪ್ಪ, ಒರಟು. ಆ ಕೊರತೆಯನ್ನು ಉದ್ದನೆಯ ತೋಳು ಮೊದಲೇ ತುಂಬಿಕೊಡುತ್ತದೆ: ಆವಿ ನಿಧಾನವಾಗಿ ತಾಮ್ರ ಸವರಿಕೊಂಡು ಸಾಗಿ, ಆಮೇಲೆ ಸುರುಳಿಗೆ ಇಳಿಯುತ್ತದೆ. ಮದ್ಯಕ್ಕೆ ದಪ್ಪವೂ ಬೇಕು, ನಯವೂ ಬೇಕು ಎಂದು ಹಟ ಹಿಡಿದವರು ಮಾತ್ರ ಹೀಗೆ ಜೋಡಿಸುತ್ತಾರೆ. ಕೊಳವೆ ಸವೆದಾಗ ದುರಸ್ತಿ ಸುಲಭವಲ್ಲ, ನೀರು ಬಹಳ ಬೇಕು. ಆದರೆ ಪಕ್ಕದಲ್ಲೇ ಆರ್ಡ್‌ನಾಹೋ ಸರೋವರವಿದೆ. ಅದನ್ನು ನೋಡಿಯೇ ಈ ಜಾಗ ಆರಿಸಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನೊಂದು ಲೆಕ್ಕ ನನ್ನನ್ನು ಕಾಡಿತು. ಈ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾಗುತ್ತದೆ. ಬೆಂಗಳೂರಿನಲ್ಲಿ ಅದು ಹತ್ತನ್ನೂ ದಾಟುತ್ತದೆ. ಆದರೂ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ 2004ರಲ್ಲಿ ಇದೇ ಗ್ಲಾಸ್ಗೊದಲ್ಲಿ ಮೊದಲು ಬಿಡುಗಡೆಯಾಗಿತ್ತು. ನಮ್ಮ ಬಿಸಿಲು ಬೇಗ ಹಣ್ಣು ಮಾಡುತ್ತದೆ, ಜೊತೆಗೆ ಕುಡಿದೂ ಬಿಡುತ್ತದೆ. ಇಲ್ಲಿ ಕಾಯುವುದೇ ಬಂಡವಾಳ: 2019ರಲ್ಲಿ ತೆರೆದವರ ಮೊದಲ ವಿಸ್ಕಿ ಹೊರಬಂದದ್ದು 2024ರಲ್ಲಿ.

ಹೋಗುವವರು ಮೊದಲೇ ಟಿಕೆಟ್ ಕಾದಿರಿಸಿ, ಬೇಸಿಗೆಯಲ್ಲೂ ದಪ್ಪ ಅಂಗಿ ಒಯ್ಯಿರಿ. ಮದ್ಯ ಮುಟ್ಟದ ನನ್ನ ಹೆಂಡತಿಗೂ ಆ ಮಧ್ಯಾಹ್ನ ಬೇಸರವಾಗಲಿಲ್ಲ. ಕಿಟಕಿಯ ಬಳಿ ಕುಳಿತು ಜೂರಾದ ಮೇಲೆ ಮಳೆ ಸರಿದುಹೋಗುವುದನ್ನು ನೋಡಿದಳು. ಕಾರು ಓಡಿಸುವ ಅಳಿಯನ ಪಾಲಿನ ಮದ್ಯವನ್ನು ಪುಟ್ಟ ಸೀಸೆಯಲ್ಲಿ ಕಟ್ಟಿಸಿಕೊಂಡೆವು. ರಾತ್ರಿ ಬೊಮೋರ್ ಊರಿನ ಕೋಣೆಯಲ್ಲಿ ಅವನು ಅದನ್ನು ತೆರೆದಾಗ ಪೀಟ್ ಎಂಬ ಜೌಗು ನೆಲದ ಉರುವಲಿನ ಹೊಗೆಯ ವಾಸನೆ ಹರಡಿತು. ಹೆಂಡತಿ ತಲೆ ಎತ್ತಿ, 'ಅಮ್ಮನ ಮನೆಯ ಬಚ್ಚಲ ಹಂಡೆಗೆ ಉರಿ ಹಾಕಿದ ಹಾಗಿದೆಯಲ್ಲ' ಎಂದಳು.