ಟನ್ ಮೇವಿಗೆ 2 ಗ್ರಾಂ: ವಿಟಮಿನ್ ಡಿ3 ಪುಡಿ ಬಳಸಿದ ಅನುಭವ

ಮೀನಿನ ಮೇವಿಗೆ ಬೆರೆಸುವ ವಿಟಮಿನ್ ಡಿ3 ಪುಡಿಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಸಾಕುವುದು ತಿಲಾಪಿಯಾ, ಮೇವು ನಾವೇ ಮಾಡಿಕೊಳ್ಳುತ್ತೇವೆ. ಪುಡಿ ಒಳ್ಳೆಯದೇ. ಆದರೆ ಅದು ಮೀನಿನ ಹೊಟ್ಟೆ ಸೇರುತ್ತದೋ ಇಲ್ಲವೋ ಅನ್ನೋದು ಬೆರೆಸುವವರ ಕೈಯಲ್ಲಿದೆ.

ಮೊದಲು, ಇದು ಯಾರಿಗೆ ಬೇಕು? ಮೇವಿನಲ್ಲಿ ಮೀನಿನ ಪುಡಿ, ಮೀನೆಣ್ಣೆ ಧಾರಾಳವಾಗಿದ್ದರೆ ಡಿ ತಾನಾಗಿಯೇ ಬರುತ್ತದೆ. ಮೀನು ಅದನ್ನು ಲಿವರ್‌ನಲ್ಲಿ, ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುತ್ತದಲ್ಲ, ಹಾಗಾಗಿ. ಮೀನಿನ ಪುಡಿ ಕಡಿಮೆ ಮಾಡಿ ಸೋಯಾ ಹಿಂಡಿ, ತೌಡು ಜಾಸ್ತಿ ಮಾಡಿದಾಗಲೇ ತೊಂದರೆ ಶುರು. ಅವುಗಳಲ್ಲಿ ಡಿ3 ಇಲ್ಲವೆಂದೇ ಲೆಕ್ಕ. ಕೊಳಕ್ಕೆ ದಿನವಿಡೀ ಬಿಸಿಲು ಬೀಳುತ್ತೆ, ಮತ್ತೆ ಯಾಕೆ ಅಂತ ಕೇಳುವವರಿದ್ದಾರೆ. ಪಾಚಿಗಟ್ಟಿದ ಹಸಿರು ನೀರಿನಲ್ಲಿ ಅತಿನೇರಳೆ ಕಿರಣ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಮೀನು ಡಿಗಾಗಿ ನಂಬಿಕೊಂಡಿರುವುದು ಮುಖ್ಯವಾಗಿ ಮೇವನ್ನೇ.

ಎಷ್ಟು ಬೇಕು ಅನ್ನೋದು ಜಾತಿಯ ಮೇಲಿದೆ. ಕಿಲೋ ಮೇವಿಗೆ ತಿಲಾಪಿಯಾಕ್ಕೆ ಸುಮಾರು 375 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ), ಚಾನೆಲ್ ಕ್ಯಾಟ್‌ಫಿಶ್‌ಗೆ 500, ರೇನ್‌ಬೋ ಟ್ರೌಟ್‌ಗೆ 1,600ರಿಂದ 2,400. ತಯಾರಿಯಲ್ಲಿ, ದಾಸ್ತಾನಿನಲ್ಲಿ ಸ್ವಲ್ಪ ನಷ್ಟವಾಗುತ್ತದೆ ಅಂತ ನಾನು 1,000 ಐಯು ಲೆಕ್ಕ ಹಿಡಿಯುತ್ತೇನೆ.

ಈಗ ಕೈಕೆಲಸಕ್ಕೆ ಬನ್ನಿ. ಪುಡಿಯ ಶಕ್ತಿ ಗ್ರಾಂಗೆ 5 ಲಕ್ಷ ಐಯು. ಅಂದರೆ ಒಂದು ಟನ್ ಮೇವಿಗೆ ಬೇಕಾದದ್ದು ಬರೀ 2 ಗ್ರಾಂ. ಒಂದು ಚಿಟಿಕೆಯಷ್ಟು ಪುಡಿ ಸಾವಿರ ಕಿಲೋ ಮೇವಿನ ಪ್ರತಿ ಗುಳಿಗೆಗೂ ತಲುಪಬೇಕು! ನೇರವಾಗಿ ಮಿಕ್ಸರ್‌ಗೆ ಸುರಿದರೆ ಒಂದು ಮೂಲೆಯ ಮೇವಿಗೆ ಮಿತಿಮೀರಿ ಸೇರುತ್ತದೆ, ಉಳಿದದ್ದಕ್ಕೆ ಏನೂ ಇಲ್ಲ. ನಾವು ಮಾಡುವುದು ಹೀಗೆ: ಗ್ರಾಂನ ನೂರನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿ, ನಯವಾದ 100 ಗ್ರಾಂ ಹಿಟ್ಟಿನಲ್ಲಿ ಬೆರೆಸುತ್ತೇವೆ. ಅದನ್ನು 1 ಕಿಲೋಗೆ, ಆಮೇಲೆ 10 ಕಿಲೋಗೆ, ಕೊನೆಗೆ ಮಿಕ್ಸರ್‌ಗೆ. ಪ್ರತಿ ಹಂತದಲ್ಲೂ ತಾಳ್ಮೆಯಿಂದ ಕಲಸಬೇಕು. ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಕೊಳ್ಳುವಾಗ ಚೀಟಿಯ ಮೇಲೆ ಕೊಲೆಕ್ಯಾಲ್ಸಿಫೆರಾಲ್ ಅಂತ ಇದೆಯಾ ನೋಡಿ. ಅದೇ ಡಿ3. ಡಿ2 ಅನ್ನೋದು ಬೇರೆ, ಟ್ರೌಟ್‌ನಲ್ಲಿ ಅದು ಡಿ3ಯಷ್ಟು ಕೆಲಸ ಮಾಡುವುದಿಲ್ಲ. ಲೇಪ ಕೊಟ್ಟ ಸಣ್ಣ ಕಾಳಿನ ರೂಪದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಪೆಲೆಟ್ ಯಂತ್ರದ ಬಿಸಿಯನ್ನೂ ಗಾಳಿಯನ್ನೂ ಅದು ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಮಾತು. ಖನಿಜದ ಮಿಶ್ರಣದ ಜೊತೆ ಒಂದೇ ಡಬ್ಬದಲ್ಲಿ ಕಲಸಿ ತಿಂಗಳುಗಟ್ಟಲೆ ಇಡಬೇಡಿ. ತಾಮ್ರ, ಕಬ್ಬಿಣದ ಲವಣಗಳು ಮತ್ತು ತೇವ ಹೀರುವ ಕೋಲಿನ್ ಕ್ಲೋರೈಡ್ ಅನ್ನೋ ಮೇವಿನ ಪೂರಕ ವಿಟಮಿನ್‌ಗಳನ್ನು ಮೆಲ್ಲಗೆ ಕೆಡಿಸುತ್ತವೆ. ನಾವು ಎರಡನ್ನೂ ಬೇರೆ ಬೇರೆ ಇಟ್ಟು, ಮೇವು ಮಾಡುವ ದಿನವೇ ಸೇರಿಸುತ್ತೇವೆ.

ಫಲ ಹೇಗಿದೆ? ಮೀನಿನ ಪುಡಿ ಚೆನ್ನಾಗಿದ್ದ ಮೇವಿಗೆ ಹಾಕಿದಾಗ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹಿಂಡಿಯೇ ಹೆಚ್ಚಿದ್ದ ಮೇವಿನಲ್ಲಿ ಮಾತ್ರ ಬೆರಳುದ್ದದ ಮರಿಗಳು ಹೆಚ್ಚುಕಮ್ಮಿ ಒಂದೇ ಗಾತ್ರಕ್ಕೆ ಬಂದವು, ಬಲೆ ಎಳೆದಾಗ ಸಣಕಲು ಮರಿಗಳು ಕಡಿಮೆ. ಆದರೆ ಅದೇ ಸಮಯಕ್ಕೆ ಮೇವಿನಲ್ಲಿ ಮೂಳೆಗೆ ಬೇಕಾದ ರಂಜಕವನ್ನೂ (ಫಾಸ್ಫರಸ್) ಸರಿಪಡಿಸಿದ್ದೆವು, ಪೂರ್ತಿ ಹೆಸರನ್ನು ಡಿಗೇ ಕೊಡಲಾರೆ. ಮೀನು ಕ್ಯಾಲ್ಸಿಯಂ ಅನ್ನು ಕಿವಿರುಗಳ ಮೂಲಕ ನೀರಿನಿಂದಲೂ ಎಳೆದುಕೊಳ್ಳುತ್ತದೆ. ರಂಜಕ ಮಾತ್ರ ಬಹುಪಾಲು ಮೇವಿನಿಂದಲೇ ಬರಬೇಕು, ಹಿಂಡಿಯಲ್ಲಿರುವ ರಂಜಕದಲ್ಲಿ ಹೆಚ್ಚಿನದು ಮೀನಿಗೆ ದಕ್ಕದ ರೂಪದಲ್ಲಿರುತ್ತದೆ. ಅದನ್ನು ಮರೆತು ಡಿ ಒಂದನ್ನೇ ಸುರಿದರೆ ಏನು ಬಂತು? ಬೆನ್ನು ಡೊಂಕಾದ ಮರಿಗಳನ್ನು ಕಂಡು ಇದನ್ನು ಕೊಳ್ಳಲು ಹೊರಟವರಿಗೂ ಇದೇ ಹೇಳುತ್ತೇನೆ. ವಿಟಮಿನ್ ಸಿ ಕೊರತೆ, ರಂಜಕದ ಕೊರತೆ, ಮೊಟ್ಟೆ ಮರಿಯಾಗುವಾಗಿನ ನೀರಿನ ಬಿಸಿ, ತಳಿ, ಇಷ್ಟನ್ನೂ ಮೊದಲು ನೋಡಿ.

ಕಂಪನಿಯ ರೆಡಿ ಮೇವು ಹಾಕುವವರು ಸುಮ್ನೆ ಇದನ್ನು ಮೇಲಿಂದ ಬೆರೆಸಬೇಡಿ. ಅದರಲ್ಲಿ ಡಿ ಆಗಲೇ ಸೇರಿರುತ್ತದೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಬೇಗ ಹೊರಗೆ ಹೋಗುವುದಿಲ್ಲ. ತೀರಾ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬೆಳವಣಿಗೆಯೇ ಕುಗ್ಗಬಹುದು.

ಒಂದೇ ದೂರು. ಒಮ್ಮೆ ಬಂದ ಪೊಟ್ಟಣದ ಮೇಲೆ ತಯಾರಿಕೆಯ ತಾರೀಖೇ ಇರಲಿಲ್ಲ. ಕಾಲ ಕಳೆದಂತೆ ಶಕ್ತಿ ಇಳಿಯುವ ವಸ್ತುವಿಗೆ ತಾರೀಖು ಹಾಕದೆ ಮಾರುವುದು ಸರಿಯಲ್ಲ. ಅದನ್ನು ವಾಪಸ್ ಕಳಿಸಿದೆ. ಈಗ ತಾರೀಖು ನೋಡಿ, ಚಿಕ್ಕ ಪೊಟ್ಟಣವನ್ನೇ ಕೊಳ್ಳುತ್ತೇನೆ. 5ಕ್ಕೆ 4 ಅಂಕ ಕೊಡುತ್ತೇನೆ.