ಮೂರು ಮಳೆಗಾಲ ಕಂಡ ಹೈ ಚೇರ್: ಕೊಳ್ಳುವ ಮುಂಚೆ ಕಾಲಿಡುವ ಹಲಗೆ ನೋಡಿ

2022ರ ನವೆಂಬರ್‌ನಲ್ಲಿ ಮಗಳಿಗೆ ಆರು ತಿಂಗಳು ತುಂಬಿತು. ರಾಗಿ ಸರಿ ಶುರು ಮಾಡುವ ಹೊತ್ತು. ಆಗ ಆನ್‌ಲೈನ್‌ನಲ್ಲಿ ತರಿಸಿದ್ದು ಮಗುವನ್ನು ಕೂರಿಸಿ ಉಣಿಸುವ ಈ ಹೈ ಚೇರ್, 6,800 ರೂಪಾಯಿ. ಚಿಕ್ಕಮಗಳೂರಿನಲ್ಲಿ ನಾವು ಹೋದ ಅಂಗಡಿಗಳಲ್ಲಿ ಮಾಮೂಲಿ ಹೈ ಚೇರ್‌ಗಳೇ ಇದ್ದವು, ನಮಗೆ ಬೇಕಿದ್ದದ್ದು ಮಗು ಬೆಳೆದ ಹಾಗೆ ಬದಲಾಗುವಂಥದ್ದು. ಇದನ್ನು ಮೂರು ರೀತಿ ಬಳಸಬಹುದು: ಪೂರ್ತಿ ಎತ್ತರಕ್ಕೆ, ಅರ್ಧ ಕಾಲು ಕಳಚಿ ನೆಲದ ಹತ್ತಿರಕ್ಕೆ, ಇಲ್ಲವೇ ಸೀಟನ್ನಷ್ಟೇ ತೆಗೆದು ದೊಡ್ಡವರ ಕುರ್ಚಿಗೆ ಕಟ್ಟಿ. ಮೂರು ವರ್ಷ ದಾಟಿದ ಮೇಲೆ ಹೇಳುತ್ತೇನೆ, ಎಷ್ಟು ರೀತಿ ಬದಲಾಗುತ್ತದೆ ಅನ್ನೋದಕ್ಕಿಂತ ಮಗುವಿನ ಪಾದ ಎಲ್ಲಿ ಊರುತ್ತದೆ ಅನ್ನೋದನ್ನು ಮೊದಲು ನೋಡಿ.

ಇದು ಗೊತ್ತಾಗೋಕೆ ನಮಗೆ ಐದು ತಿಂಗಳು ಬೇಕಾಯಿತು. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಮಗಳು ಕೊಸರಾಡುತ್ತಿದ್ದಳು, ಒಂದು ಕಡೆಗೆ ವಾಲುತ್ತಿದ್ದಳು, ಬೆಲ್ಟ್ ಎಳೆಯುತ್ತಿದ್ದಳು, ನಾವು ಹೊಟ್ಟೆ ತುಂಬಿತೇನೋ ಅಂದುಕೊಂಡು ಇಳಿಸಿಬಿಡುತ್ತಿದ್ದೆವು. ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರ್ ಹತ್ತಿರ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಕೂತಾಗ ಅವಳ ಕಾಲು ಏನಕ್ಕಾದರೂ ತಾಗುತ್ತದಾ?" ತಾಗುತ್ತಿರಲಿಲ್ಲ. ಫುಟ್‌ರೆಸ್ಟ್ ಇತ್ತು, ಆದರೆ ಎರಡೇ ಮಟ್ಟ, ಮೇಲಿನ ಮಟ್ಟವೂ ಅವಳ ಪಾದಕ್ಕಿಂತ ಒಂದು ಗೇಣು ಕೆಳಗೆ. ಕಾಲು ಜೋತಾಡುತ್ತಿದ್ದರೆ ಮಗು ಬೀಳದ ಹಾಗೆ ಮೈ ಹಿಡಿದುಕೊಳ್ಳುವುದರಲ್ಲೇ ಸುಸ್ತಾಗುತ್ತದೆ, ಅಗಿಯುವುದಕ್ಕೆ ಕೈ ಬಾಯಿಗೆ ಬಿಡುವೇ ಸಿಗಲ್ಲ. ಮಂಡಿ ಹೆಚ್ಚು ಕಡಿಮೆ ಲಂಬ ಕೋನಕ್ಕೆ ಮಡಿಸಿರಬೇಕು, ಇಡೀ ಪಾದ ಹಲಗೆ ಮೇಲೆ ಊರಬೇಕು, ಟ್ರೇ ಮೇಲೆ ಮೊಣಕೈ ಆರಾಮಾಗಿ ಕೂರಬೇಕು.

ಮೂಡಿಗೆರೆಯಲ್ಲಿ ಅತ್ತೆಯ ಮನೆಗೆ ಬರುವ ಬಡಗಿಯೊಬ್ಬರಿಗೆ ಕುರ್ಚಿ ತೋರಿಸಿದೆವು. ಅವರು ತೋಟದ ಸಿಲ್ವರ್ ಓಕ್ ಮರದ ಒಂದು ಹಲಗೆಯನ್ನು ನಯ ಮಾಡಿ, ಅಂಚು ಉರುಟಾಗಿಸಿ, ಮುಂದಿನ ಎರಡು ಕಾಲಿನ ಪೈಪ್‌ಗಳಿಗೆ ಕ್ಲಾಂಪ್ ಹಾಕಿ ಕೂರಿಸಿಕೊಟ್ಟರು. ಪೈಪ್‌ಗೆ ತೂತು ಕೊರೆಯಲಿಲ್ಲ, ಕೊರೆದರೆ ಅದು ಬಲ ಕಳೆದುಕೊಳ್ಳುತ್ತದೆ. ಕ್ಲಾಂಪ್ ಸಡಿಲಿಸಿ ಹಲಗೆಯನ್ನು ಮೇಲೆ ಕೆಳಗೆ ಸರಿಸಬಹುದು. ಆ ವಾರದಿಂದಲೇ ಮಗಳು ಕಡುಬನ್ನು ಕೈಯಲ್ಲಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಕೂತು ತಿನ್ನತೊಡಗಿದಳು. ನನಗೆ ಅವತ್ತು ಎಷ್ಟು ಸಮಾಧಾನವಾಯಿತು ಅಂದರೆ, ಅಷ್ಟು ದಿನ ಅವಳಿಗೆ ಅರ್ಧ ಹೊಟ್ಟೆ ಆಗುತ್ತಿತ್ತಲ್ಲ ಅಂತ ಅಳುವೂ ಬಂತು.

ಆಮೇಲೆ ಓದಿ ತಿಳಿದದ್ದು, ನಾರ್ವೆಯ ಪೀಟರ್ ಒಪ್ಸ್‌ವಿಕ್ 1972ರಲ್ಲೇ ಟ್ರಿಪ್ ಟ್ರ್ಯಾಪ್ ಅನ್ನುವ ಮರದ ಕುರ್ಚಿ ಮಾಡಿದ್ದರು. ಮಗ ದೊಡ್ಡವರ ಮೇಜಿನ ಹತ್ತಿರ ಸರಿಯಾಗಿ ಕೂರಲು ಆಗುತ್ತಿಲ್ಲ ಅನ್ನೋದೇ ಅದಕ್ಕೆ ಕಾರಣ. ಅದರಲ್ಲಿ ಸೀಟು, ಕಾಲಿಡುವ ಹಲಗೆ ಎರಡನ್ನೂ ಬೇಕಾದ ಎತ್ತರಕ್ಕೆ ಸರಿಸಬಹುದು. ಅದು ತುಂಬಾ ದುಬಾರಿ, ಆದರೆ ಅದೇ ರೀತಿ ಸರಿಸಬಹುದಾದ ಮರದ ಕುರ್ಚಿಗಳು ಈಗ ಬೇರೆಯವರದೂ ಸಿಗುತ್ತವೆ. ಇವತ್ತು ಕೊಳ್ಳುವುದಾದರೆ ನಾನು ಅಂಥದ್ದೇ ತಗೊಳ್ಳುತ್ತೇನೆ.

ಇನ್ನು ಮಳೆಗಾಲ. ಮಲೆನಾಡಿನವರು ಬಟ್ಟೆಯ ಕುಶನ್ ಇರುವುದನ್ನು ದಯವಿಟ್ಟು ತಗೋಬೇಡಿ. ನಮ್ಮದರಲ್ಲಿ ಹತ್ತಿ ತುಂಬಿದ ಮೆತ್ತನೆಯ ಕುಶನ್ ಇತ್ತು, ನೋಡೋಕೆ ಚೆಂದ. ಜುಲೈ ಬಂದ ಮೇಲೆ ಒಗೆದರೆ ಮೂರು ದಿನವಾದರೂ ಒಣಗಲ್ಲ. ಬಚ್ಚಲೊಲೆ ಹತ್ತಿರ ನೇತುಹಾಕಿ ಒಣಗಿಸಿದರೆ ಹೊಗೆ ವಾಸನೆ, ಹಾಗೇ ಬಿಟ್ಟರೆ ಹೊಲಿಗೆಯೊಳಗೆ ಕಪ್ಪು ಬೂಷ್ಟು. ಎರಡನೇ ಮಳೆಗಾಲಕ್ಕೆ ಅದನ್ನು ಎಸೆದು ರೆಕ್ಸಿನ್‌ನದು ಹೊಲಿಸಿದೆ, ಒರೆಸಿದರೆ ಆಯಿತು. ಬೆಲ್ಟ್ ಕಳಚಿ ಒಗೆಯುವ ಹಾಗಿರಬೇಕು, ಇದೂ ನೋಡಿಕೊಳ್ಳಿ. ಬೆಲ್ಟ್ ಸೀಟಿನೊಳಗೆ ನುಗ್ಗುವ ಸಂದಿಯಲ್ಲಿ ರಾಗಿ ಸರಿ ಹೋಗಿ ಗಟ್ಟಿಯಾದರೆ ಹಲ್ಲುಜ್ಜುವ ಬ್ರಷ್ ಬಿಟ್ಟರೆ ಬೇರೆ ದಾರಿ ಇಲ್ಲ. ಬಿಳಿ ಟ್ರೇಗೆ ಹಿಡಿದ ಅರಿಶಿನದ ಕಲೆಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಉಜ್ಜಿ ಗೀರು ಮಾಡುವ ಬದಲು ಬಿಸಿಲಿಗಿಡಿ, ತಾನಾಗಿ ಮಾಸುತ್ತದೆ. ನಮ್ಮಲ್ಲಿ ಅದಕ್ಕೆ ಅಕ್ಟೋಬರ್ ತನಕ ಕಾಯಬೇಕು, ಅಷ್ಟೇ.

ನಾವು ಅತಿ ಹೆಚ್ಚು ಬಳಸಿದ್ದು ನೆಲದ ಹತ್ತಿರದ ಕುರ್ಚಿಯನ್ನು. ಮೊದಲ ಸಲ ಇದನ್ನು ಕಂಡಾಗ ಅತ್ತೆ, "ನೆಲದ ಮೇಲೆ ಕೂತು ಉಂಡ ಮಕ್ಕಳು ಬೆಳೀಲಿಲ್ವೇನಮ್ಮಾ?" ಅಂದಿದ್ದರು. ಅವರು ಈಗಲೂ ಮಣೆ ಹಾಕಿಕೊಂಡು ಕೆಳಗೇ ಕೂರುತ್ತಾರೆ. ಕಾಲು ಕಳಚಿ ಕುರ್ಚಿ ಇಳಿಸಿದ ಮೇಲೆ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಅಕ್ಕಿ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದರು, ಆಮೇಲೆ ಅತ್ತೆಯೇ ಊಟದ ಹೊತ್ತಿಗೆ ಅದನ್ನು ತಂದಿಡಲು ಶುರು ಮಾಡಿದರು. ದೊಡ್ಡವರ ಕುರ್ಚಿಗೆ ಕಟ್ಟುವ ಬೂಸ್ಟರ್ ಸೀಟ್ ನಮಗೆ ಉಪಯೋಗವಾಗಲಿಲ್ಲ. ನಮ್ಮ ಬೀಟೆ ಮರದ ಕುರ್ಚಿಗಳ ಬೆನ್ನು ಅಗಲ, ಕಟ್ಟುವ ಪಟ್ಟಿ ಸುತ್ತ ಬರಲೇ ಇಲ್ಲ. ನಿಮ್ಮ ಮನೆ ಕುರ್ಚಿಯನ್ನು ಟೇಪ್ ಹಿಡಿದು ಅಳೆದುಕೊಳ್ಳಿ.

ಒಂದು ದಿನ ಎದೆ ನಡುಗಿಹೋಯಿತು. ಒಂದೂಕಾಲು ವರ್ಷದವಳಿದ್ದಾಗ ಮೇಜಿಗೆ ಕಾಲು ಕೊಟ್ಟು ಜೋರಾಗಿ ಒದ್ದಳು, ಕುರ್ಚಿ ಹಿಂದಕ್ಕೆ ವಾಲಿತು, ನಮ್ಮವರು ಪಕ್ಕದಲ್ಲೇ ಇದ್ದರು, ಹಿಡಿದರು. ಅವತ್ತಿನಿಂದ ಮೇಜಿನಿಂದ ಕಾಲು ಎಟುಕದಷ್ಟು ದೂರ ಇಡುತ್ತೇವೆ. ಹಿಂದಿನ ಕಾಲುಗಳು ಅಗಲವಾಗಿ ಚಾಚಿರುವ ಕುರ್ಚಿಯನ್ನೇ ಆರಿಸಿ. ಟ್ರೇ ಹಾಕಿದ್ದೇವೆ ಅಂತ ಬೆಲ್ಟ್ ಬಿಡಬೇಡಿ, ಭುಜ, ಸೊಂಟ, ಕಾಲ ಸಂದು ಮೂರೂ ಕಡೆ ಹಿಡಿಯುವ ಬೆಲ್ಟ್ ಬೇಕು. ಮಗುವನ್ನು ಕೂರಿಸಿ ಒಂದು ನಿಮಿಷವೂ ಆಚೆ ಹೋಗಬೇಡಿ.

ಈಗ ಕುರ್ಚಿ ನನ್ನ ತಂಗಿಯ ಮನೆಗೆ ಹೋಗುತ್ತಿದೆ, ಅವಳ ಮಗನಿಗೆ ಮುಂದಿನ ತಿಂಗಳು ಆರು ತಿಂಗಳು ತುಂಬುತ್ತದೆ. ತುಕ್ಕು ಹಿಡಿದಿದ್ದ ನಾಲ್ಕು ಸ್ಕ್ರೂ ಬದಲಾಯಿಸಿದ್ದೇವೆ, ಬಕಲ್ ಎಳೆದು ನೋಡಿದ್ದೇವೆ, ಗಟ್ಟಿಯಾಗಿದೆ. ಸಿಲ್ವರ್ ಹಲಗೆಯನ್ನು ಮತ್ತೆ ಮೇಲಕ್ಕೆ ಸರಿಸಿ ಕೊಡುತ್ತಿದ್ದೇನೆ.