ಹತ್ತಿಯ ಕೆಂಪು ನುಸಿಗೆ ಗಂಧಕವೋ, ಸ್ಪೈರೋಮೆಸಿಫೆನ್ನೋ?

ಶಹಾಪುರ, ಸುರಪುರದ ಕಡೆ ಮಳೆ ಕೈಕೊಟ್ಟು ಬಿಸಿಲೇರಿದರೆ ಹತ್ತಿಗೆ ನುಸಿ ಹತ್ತುತ್ತದೆ. ಎಲೆಯಲ್ಲಿ ಸಣ್ಣ ಹಳದಿ ಚುಕ್ಕೆ ಕಂಡರೆ ಅಡಿಗೆ ಬಿಳಿ ಹಾಳೆ ಹಿಡಿದು ತಟ್ಟಿ. ಉದುರಿದ ಪುಡಿ ಹರಿದಾಡಿದರೆ ನುಸಿಯೇ.

ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, 20 ಲೀಟರಿನ ಪಂಪಿಗೆ 60. ಅಗ್ಗ, ಹೊಲದ ಅಂಚಿನಲ್ಲಿ ಈಗಷ್ಟೇ ಶುರುವಾಗಿದ್ದರೆ ಸಾಕು. ಮೊಟ್ಟೆ ಮಾತ್ರ ಉಳಿಯುತ್ತದೆ, ವಾರ ಬಿಟ್ಟು ಮತ್ತೆ ಹೊಡೆಯಬೇಕು. ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೂ ಅದೇ ಗತಿ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಸಂಜೆಯೇ ಸರಿ.

ಸ್ಪೈರೋಮೆಸಿಫೆನ್ 22.9 ಎಸ್‌ಸಿ (ನೀರಿಗೆ ಬೆರೆಸುವ ದ್ರವರೂಪದ ನುಸಿನಾಶಕ) ಎಕರೆಗೆ 240 ಮಿಲಿ, 200 ಲೀಟರ್ ನೀರಿಗೆ. ದುಬಾರಿ, ಆದರೆ ಮೊಟ್ಟೆ, ಮರಿ ಎರಡಕ್ಕೂ ನಾಟುತ್ತದೆ; ಬಿಳಿನೊಣಕ್ಕೂ ಆಯಿತು. ದೊಡ್ಡ ನುಸಿ ತಕ್ಷಣ ಸಾಯುವುದಿಲ್ಲ, ಮರುದಿನವೇ ಔಷಧಿ ಸುಳ್ಳೆನ್ನಬೇಡಿ. ಎಲೆಯಡಿ ಬಲೆ ಕಟ್ಟಿದ್ದರೆ ಇದನ್ನೇ ಆರಿಸಿ, ಆದರೆ ಒಂದೇ ಹಂಗಾಮಿನಲ್ಲಿ ಪದೇಪದೇ ಬೇಡ.

ಎರಡರಲ್ಲಿ ಯಾವುದನ್ನು ಹೊಡೆದರೂ ನಾಜಲ್ ಕೆಳಗಿನಿಂದ ಮೇಲಕ್ಕಿರಲಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಮುಟ್ಟಲೇಬೇಡಿ: ನುಸಿ ತಿನ್ನುವ ಹುಳ ಸತ್ತು ನುಸಿ ಹೆಚ್ಚುತ್ತದೆ. ತೊಗರಿಯ ಗೊಡ್ಡು ರೋಗ ಹರಡುವ ನುಸಿ ಬೇರೆಯದು, ಬರಿಗಣ್ಣಿಗೆ ಕಾಣುವುದಿಲ್ಲ.